‘2073’ ಚಿತ್ರದ ಬಗ್ಗೆ ವಿಮರ್ಶಕರು ಎರಡು ಪಾಲಾದದ್ದು ಏಕೆ? ಸಾಕ್ಷ್ಯಚಿತ್ರಕ್ಕೆ ಭವಿಷ್ಯದ ಕಥೆ ಹೆಣೆಯುವ ಕಷ್ಟ

ಪರದೆಹಿಂದೆ, ಮಾಟುಂಗಾ

ಬ್ರಿಟನ್ನಿನ ನಿರ್ದೇಶಕ ಆಸಿಫ್ ಕಪಾಡಿಯಾ ಅವರ ‘2073’ ಚಿತ್ರವನ್ನು ಕನ್ನಡದಲ್ಲಿ ಒಮ್ಮೆ ಸರಿಯಾಗಿ ಚರ್ಚಿಸಬೇಕು ಅನ್ನಿಸಿ ಇದನ್ನು ಶುರುಮಾಡುತ್ತಿದ್ದೇನೆ. 2024ರ ಸೆಪ್ಟೆಂಬರಿನಲ್ಲಿ ವೆನಿಸ್ ಚಿತ್ರೋತ್ಸವದ ಸ್ಪರ್ಧೇತರ ವಿಭಾಗದಲ್ಲಿ ಮೊದಲ ಪ್ರದರ್ಶನ. ಉದ್ದ ಸುಮಾರು 85 ನಿಮಿಷ. ನೋಡದವರಿಗಾಗಿ ಎರಡು ಮಾತು: ಕಥೆ ನಡೆಯುವುದು 2073ನೇ ಇಸವಿಯಲ್ಲಿ. ದೊಡ್ಡ ಅನಾಹುತವೊಂದು ನಡೆದು 37 ವರ್ಷವಾಗಿದೆ, ಊರು ನ್ಯೂ ಸ್ಯಾನ್ ಫ್ರಾನ್ಸಿಸ್ಕೊ. ಪಾಳುಬಿದ್ದ ಮಾಲ್‌ನಲ್ಲಿ ಅಡಗಿ ಬದುಕುವ ಹೆಂಗಸು ‘ಘೋಸ್ಟ್’, ಪಾತ್ರ ಮಾಡಿದವರು ಸಮಾಂತಾ ಮಾರ್ಟನ್. ಅವಳು ಯಾರೊಡನೆಯೂ ಮಾತಾಡುವುದಿಲ್ಲ. ಹಿನ್ನೆಲೆಯಲ್ಲಿ ಅವಳ ದನಿ ಮಾತ್ರ ಕೇಳುತ್ತದೆ. ನಡುನಡುವೆ ನಮ್ಮ ಕಾಲದ ನಿಜವಾದ ಸುದ್ದಿ ತುಣುಕುಗಳು, ಪತ್ರಕರ್ತೆಯರಾದ ಫಿಲಿಪ್ಪೀನ್ಸ್‌ನ ಮರಿಯಾ ರೆಸ್ಸಾ, ಭಾರತದ ರಾಣಾ ಅಯೂಬ್, ಬ್ರಿಟನ್ನಿನ ಕ್ಯಾರಲ್ ಕ್ಯಾಡ್ವಾಲಡರ್ ಅವರ ಮಾತು.

ವಿಮರ್ಶೆಗಳು ಎರಡು ದಿಕ್ಕಿಗೆ ಹೋದವು. ಒಂದು ಕಡೆಯವರು ಇದು ಈ ಹೊತ್ತಿಗೆ ಬೇಕಾದ ಚಿತ್ರ, ಇದರ ಸಿಟ್ಟು ನ್ಯಾಯವಾದದ್ದು ಎಂದರು. ಇನ್ನೊಂದು ಕಡೆಯವರ ಆಕ್ಷೇಪ: ಕಣ್ಗಾವಲು, ಹವಾಮಾನ, ಸರ್ವಾಧಿಕಾರ, ಟೆಕ್ ಕುಬೇರರು, ಎಲ್ಲವನ್ನೂ ತುರುಕಿ ಯಾವುದೂ ಮನಸ್ಸಿಗೆ ಇಳಿಯದಂತಾಗಿದೆ, ಕಥೆಯ ಭಾಗ ತೀರಾ ತೆಳು, ರಾತ್ರಿಯೆಲ್ಲ ಮೊಬೈಲಿನಲ್ಲಿ ಕೆಟ್ಟ ಸುದ್ದಿ ಉಜ್ಜುತ್ತಾ ಕೂತಂತಾಗುತ್ತದೆ.

ಇಲ್ಲಿಯ ಕನ್ನಡ ಬಳಗದಲ್ಲಿ ಈ ಬಗೆಯ ಚಿತ್ರಗಳನ್ನು ವಾರಕ್ಕೊಂದು ಸಂಜೆಯಂತೆ ತೋರಿಸಿ ಚರ್ಚಿಸುವ ಯೋಜನೆಯಿದೆ. ಮೂರು ಪ್ರಶ್ನೆ. ಇಂಥ ಬೆರಕೆ ಚಿತ್ರವನ್ನು ಯಾವ ಅಳತೆಗೋಲಿನಿಂದ ನೋಡಬೇಕು? ಜೊತೆಗೆ ಯಾವ ಚಿತ್ರಗಳನ್ನು ಇಟ್ಟರೆ ಹೋಲಿಕೆ ಸಿಗುತ್ತದೆ? ಕನ್ನಡ ಅಡಿಬರಹ (ಸಬ್‌ಟೈಟಲ್) ಹಾಕುವಾಗ ಏನೇನು ಕೈಕೊಡುತ್ತದೆ?

—

ಕತ್ತರಿಮೇಜು, ಪುಣೆ

ಮೊದಲ ಪ್ರಶ್ನೆಗೆ ಉತ್ತರ ‘2073’ರಲ್ಲಿ ಹುಡುಕುವ ಮೊದಲು ಕಪಾಡಿಯಾ ಅವರ ಹಿಂದಿನ ಚಿತ್ರಗಳಲ್ಲಿ ಹುಡುಕಬೇಕು. ಕಾರ್ ರೇಸಿನ ಆಯರ್ಟನ್ ಸೆನ್ನಾ ಬಗ್ಗೆ ‘ಸೆನ್ನಾ’ 2010, ಗಾಯಕಿ ಏಮಿ ವೈನ್‌ಹೌಸ್ ಬಗ್ಗೆ ‘ಏಮಿ’ 2015, ಫುಟ್‌ಬಾಲ್ ಆಟಗಾರನ ಬಗ್ಗೆ ‘ಡಿಯೇಗೊ ಮರಡೋನಾ’ 2019. ಮೂರರಲ್ಲೂ ಒಂದೇ ಪದ್ಧತಿ: ಕ್ಯಾಮೆರಾ ಮುಂದೆ ಕೂತು ಮಾತಾಡುವವರನ್ನು ಆದಷ್ಟೂ ತೋರಿಸುವುದಿಲ್ಲ. ಸಂದರ್ಶನದ ದನಿಯನ್ನು ಮಾತ್ರ ಇಟ್ಟುಕೊಂಡು ಪರದೆಯ ಮೇಲೆ ಹಳೆಯ ತುಣುಕುಗಳನ್ನೇ ಜೋಡಿಸುತ್ತಾರೆ. ಟಿವಿ ಪ್ರಸಾರ, ಮನೆಯವರು ಹಿಡಿದ ವಿಡಿಯೊ, ಫೋನಿನ ರೆಕಾರ್ಡಿಂಗು, ಒಂದರ ಗುಣಮಟ್ಟ ಇನ್ನೊಂದಕ್ಕೆ ಹೊಂದುವುದಿಲ್ಲ. ಆದರೂ ನಮಗೆ ತೊಡಕಾಗುವುದಿಲ್ಲ. ಕಾರಣ, ಪ್ರತಿ ತುಣುಕಿನಲ್ಲೂ ಅದೇ ಮುಖ ಮತ್ತೆ ಮತ್ತೆ ಬರುತ್ತದೆ. ಆ ಮುಖ ಎಳೆಯದಾಗಿದ್ದದ್ದು, ದಣಿದದ್ದು, ಕುಸಿದದ್ದು ಕಣ್ಣಿಗೆ ಕಾಣುತ್ತದೆ. ನೂರು ಚೂರುಗಳನ್ನು ಪೋಣಿಸುವ ದಾರ ಆ ಮುಖ.

‘2073’ರಲ್ಲಿ ಪದ್ಧತಿ ಅದೇ ಇದೆ, ದಾರ ಇಲ್ಲ. ಮನಿಲಾದಿಂದ ದಿಲ್ಲಿಗೆ, ಅಲ್ಲಿಂದ ಚೀನಾದ ಶಿನ್‌ಜಿಯಾಂಗಿಗೆ, ಕ್ಯಾಲಿಫೋರ್ನಿಯಾಕ್ಕೆ ಹಾರುವ ತುಣುಕುಗಳನ್ನು ಹಿಡಿದು ನಿಲ್ಲಿಸಲೆಂದೇ ಘೋಸ್ಟ್ ಪಾತ್ರವನ್ನು ಸೃಷ್ಟಿಸಿದ್ದಾರೆ. ಆದರೆ ಅವಳು ಆ ತುಣುಕುಗಳ ಒಳಗೆ ಇಲ್ಲವಲ್ಲ. ಅವಳು ನೆನೆಸಿಕೊಂಡದ್ದಕ್ಕೂ ನಾವು ನೋಡಿದ್ದಕ್ಕೂ ನಂಟು ಹಿನ್ನೆಲೆ ದನಿಯದು ಮಾತ್ರ. ಕಥೆ ತೆಳು ಎಂದ ವಿಮರ್ಶಕರು ರೋಗದ ಲಕ್ಷಣ ಹೇಳಿದರು, ಮೂಲ ಇದು.

—

ನೆರಳುಬೆಳಕು, ಪಿಂಪರಿ

ಅಲ್ರೀ, ಇದನ್ನ ಪೂರಾ ಒಪ್ಪೂದು ಕಷ್ಟ ಅದ. ಒಬ್ಬ ಫುಟ್‌ಬಾಲ್ ಆಟಗಾರಗ ಮುಖ ಇರ್ತದ, ಒಂದು ವ್ಯವಸ್ಥೆಗೆ ಎಲ್ಲಿಂದ ಮುಖ ತರೂದು? ಕಣ್ಗಾವಲು ಅಂದ್ರ ಕ್ಯಾಮೆರಾ, ಸರ್ವರ್, ಕಾಯ್ದೆ, ರೊಕ್ಕ. ಇವೆಲ್ಲಾ ಬ್ಯಾರೆ ಬ್ಯಾರೆ ದೇಶದಾಗ ಒಮ್ಮೆಲೆ ನಡದಾವ ಅನ್ನೂದ ಚಿತ್ರದ ವಾದ. ಒಂದರಿಂದ ಒಂದಕ್ಕ ಜಿಗಿಯೂದು ಆ ವಾದದ ಭಾಗ ಅದ, ಅದನ್ನ ಎಡಿಟಿಂಗಿನ ತಪ್ಪು ಅಂತ ಹೇಳಲಿಕ್ಕೆ ಬರೂದಿಲ್ಲ.

ಇನ್ನೊಂದು ಮಾತು. ಮುಖ ಇಲ್ಲ ಅಂದ್ರಿ, ಮೂರು ಮುಖ ಅವ. ರೆಸ್ಸಾ ಅವರಿಗೆ 2021ರಾಗ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಕ್ಯಾಡ್ವಾಲಡರ್ ಕೇಂಬ್ರಿಜ್ ಅನಲಿಟಿಕಾ ಪ್ರಕರಣ, ಅಂದ್ರ ಫೇಸ್‌ಬುಕ್ ಮಂದಿಯ ಮಾಹಿತಿ ಚುನಾವಣಾ ಪ್ರಚಾರಕ್ಕ ಬಳಸಿದ್ದನ್ನ ಹೊರಗ ತಂದವರು. ಅಯೂಬ್ ಮುಂಬಯಿಯವರು. ಮೂವರೂ ಆನ್‌ಲೈನ್ ದಾಳಿ ಅನುಭವಿಸಿದವರು, ಕೋರ್ಟಿನ ಮೆಟ್ಟಲಾ ಹತ್ತಿದವರು.

—

ಕತ್ತರಿಮೇಜು, ಪುಣೆ

ನೀವು ಹೇಳಿದ್ದೇ ನನ್ನ ವಾದಕ್ಕೆ ಬಲ ಕೊಡುತ್ತದೆ. ಆ ಮೂವರು ನಿಜವಾದ ದಾರವಾಗಬಹುದಿತ್ತು. ಒಬ್ಬೊಬ್ಬರ ಜೊತೆ ಇಪ್ಪತ್ತು ನಿಮಿಷ ಇದ್ದಿದ್ದರೂ ಒಟ್ಟು ಅರವತ್ತು. ಘೋಸ್ಟ್‌ಗೆ ಇನ್ನೂ ಇಪ್ಪತ್ತೈದು ಉಳಿಯುತ್ತಿತ್ತು. ಈಗಿರುವಂತೆ ಅವರು ಬಂದು ಒಂದು ಅಂಶ ಹೇಳುತ್ತಾರೆ, ಚಿತ್ರ ಮುಂದಿನದಕ್ಕೆ ಓಡುತ್ತದೆ. ವ್ಯವಸ್ಥೆಯೇ ಮುಖ್ಯ ಎನ್ನುವುದು ಸರಿ. ಆದರೆ ವ್ಯವಸ್ಥೆಯನ್ನು ತೋರಿಸಲು ಅದು ಒಬ್ಬರ ಮೇಲೆ ಹೇಗೆ ಬಿತ್ತು, ಮೊದಲು ಏನಾಯಿತು, ಆಮೇಲೆ ಏನಾಯಿತು ಎಂದು ಹಂತಹಂತವಾಗಿ ತೋರಿಸಬೇಕು. ಹಾಗೆ ಮಾಡದಿದ್ದರೆ ಪ್ರೇಕ್ಷಕನಿಗೆ ಭಯ ಉಳಿಯುತ್ತದೆ, ತಿಳಿವಳಿಕೆ ಉಳಿಯುವುದಿಲ್ಲ.

—

ಮಾಂಡವಿ, ಪಣಜಿ

ಜೊತೆಗೆ ಇಡಬೇಕಾದ ಚಿತ್ರಗಳ ಬಗ್ಗೆ. ಮೊದಲನೆಯದು ಕ್ರಿಸ್ ಮಾರ್ಕರ್ ಅವರ ‘ಲಾ ಜೆತೆ’, 1962, 28 ನಿಮಿಷ. ‘2073’ಕ್ಕೆ ಸ್ಫೂರ್ತಿಯೇ ಇದು. ಇಡೀ ಚಿತ್ರ ಸ್ಥಿರ ಫೋಟೊಗಳಿಂದಾದದ್ದು; ಒಬ್ಬ ಹೆಂಗಸು ಕಣ್ಣು ತೆರೆಯುವ ಒಂದೇ ಒಂದು ಶಾಟ್ ಚಲಿಸುತ್ತದೆ. ಮೂರನೆಯ ಮಹಾಯುದ್ಧದಲ್ಲಿ ನಾಶವಾದ ಪ್ಯಾರಿಸ್ ಎಂದು ತೋರಿಸುವಲ್ಲಿ ಎರಡನೆಯ ಮಹಾಯುದ್ಧದಲ್ಲಿ ಹಾಳಾದ ಊರುಗಳ ಫೋಟೊ ಬಳಸಿದ್ದಾರೆ. ಅಂದರೆ ನಿಜದ ಚಿತ್ರಕ್ಕೆ ಭವಿಷ್ಯದ ತಾರೀಕು ಹಚ್ಚುವ ಉಪಾಯ ಅರವತ್ತು ವರ್ಷಕ್ಕೂ ಹಳೆಯದು.

ಎರಡನೆಯದು ಪೀಟರ್ ವಾಟ್ಕಿನ್ಸ್ ಅವರ ‘ದಿ ವಾರ್ ಗೇಮ್’. 1965ರಲ್ಲಿ ಬಿಬಿಸಿಗಾಗಿ ಮಾಡಿದ್ದು, 48 ನಿಮಿಷ. ಬ್ರಿಟನ್ ಮೇಲೆ ಅಣುಬಾಂಬ್ ಬಿದ್ದರೆ ಏನಾಗುತ್ತದೆ ಎಂಬುದನ್ನು ಸುದ್ದಿಚಿತ್ರದ ಹಾಗೆ ತೆಗೆದಿದ್ದಾರೆ. ನಟರಲ್ಲದ ಸಾಮಾನ್ಯ ಜನ, ಕೈಯಲ್ಲಿ ಹಿಡಿದ ಕ್ಯಾಮೆರಾ, ಕೆಂಟ್ ಸೀಮೆಯ ಬೀದಿಗಳು. ಪ್ರಸಾರಕ್ಕೆ ವಿಪರೀತ ಭೀಕರವೆಂದು ಬಿಬಿಸಿ ತಡೆಹಿಡಿಯಿತು; ಟಿವಿಯಲ್ಲಿ ಬಂದದ್ದು 1985ರಲ್ಲಿ, ಇಪ್ಪತ್ತು ವರ್ಷ ತಡವಾಗಿ. ಈ ನಡುವೆ 1967ರಲ್ಲಿ ಅದಕ್ಕೆ ಅತ್ಯುತ್ತಮ ಸಾಕ್ಷ್ಯಚಿತ್ರದ ಆಸ್ಕರ್ ಸಿಕ್ಕಿತ್ತು! ಪ್ರತಿ ಶಾಟೂ ನಟನೆಯಾಗಿರುವ ಚಿತ್ರಕ್ಕೆ ಸಾಕ್ಷ್ಯಚಿತ್ರದ ಪ್ರಶಸ್ತಿ. ವಿಮರ್ಶೆಯ ದೃಷ್ಟಿಯಿಂದ ಇದೇ ಬಹಳ ಮುಖ್ಯವಾದ ಹೋಲಿಕೆ. ವಾಟ್ಕಿನ್ಸ್ ದೃಶ್ಯವನ್ನು ಕಟ್ಟಿದರು, ಆದರೆ ಹೇಳುವ ಮಾತಿಗೆ ಆಧಾರ ಕೊಟ್ಟರು: ಇದು ಎರಡನೆಯ ಮಹಾಯುದ್ಧದಲ್ಲಿ ಬಾಂಬಿಗೆ ಉರಿದ ಜರ್ಮನಿಯ ಡ್ರೆಸ್ಡೆನ್‌ನಲ್ಲಿ ನಡೆದದ್ದು, ಇದು ಹಿರೋಶಿಮಾದಲ್ಲಿ ಕಂಡದ್ದು ಎಂದು ನಿರೂಪಕ ಹೇಳುತ್ತಲೇ ಹೋಗುತ್ತಾನೆ. ‘2073’ರಲ್ಲಿ ಇದು ತಿರುಗುಮುರುಗು. ದೃಶ್ಯ ನಿಜದ್ದು, ಯಾವ ಊರು, ಯಾವ ವರ್ಷ ಎಂದು ಗುರುತಿಸಿಕೊಳ್ಳುವಷ್ಟು ಹೊತ್ತು ಬಹಳ ಕಡೆ ಸಿಗುವುದಿಲ್ಲ.

—

ನೆರಳುಬೆಳಕು, ಪಿಂಪರಿ

ಹಂಗಾದ್ರ ವರ್ನರ್ ಹೆರ್ಜೋಗ್ ಅವರದು? ‘ಲೆಸನ್ಸ್ ಆಫ್ ಡಾರ್ಕ್‌ನೆಸ್’, 1992. ಕೊಲ್ಲಿ ಯುದ್ಧ ಆದ ಮ್ಯಾಲೆ ಕುವೈತಿನ ಎಣ್ಣೆಬಾವಿ ಹತ್ತಿ ಉರಿಯೂದನ್ನ ಬ್ಯಾರೆ ಗ್ರಹದಿಂದ ಬಂದವರು ನೋಡಿದ್ಹಂಗ ತೋರ್ಸ್ಯಾರ. ಯಾವ ಯುದ್ಧ, ಯಾರು ಯಾರ ಮ್ಯಾಲೆ ಅನ್ನೂದನ್ನ ಬೇಕಂತಲೇ ತಗದಾರ. ಸುರುವಿಗೆ ಫ್ರೆಂಚ್ ತತ್ವಜ್ಞಾನಿ ಪಾಸ್ಕಲ್ ಹೆಸರಿನಾಗ ಬರೂ ಮಾತೂ ಪಾಸ್ಕಲ್‌ದಲ್ಲ, ಹೆರ್ಜೋಗ್ ತಾವೇ ಬರದದ್ದು. ಬರ್ಲಿನ್ ಉತ್ಸವದಾಗ ಜನ ಸಿಟ್ಟಿಗೆದ್ರು, ಮಂದಿಯ ಸಂಕಟಾನ್ನ ಚಂದ ಮಾಡಿ ತೋರ್ಸೀರಿ ಅಂತ ಬೈದ್ರು. ಇವತ್ತು ಅದನ್ನ ಈ ಜಾತಿಯ ದೊಡ್ಡ ಚಿತ್ರ ಅಂತಾರ. ತಾರೀಕು, ಊರು ಇಲ್ಲದನೂ ಚಿತ್ರ ನಿಲ್ತದ ಅನ್ನೂದಕ್ಕ ಇದಕಿಂತ ಉದಾಹರಣಿ ಬೇಕೇನು?

—

ಮಾಂಡವಿ, ಪಣಜಿ

ಒಳ್ಳೆಯ ಉದಾಹರಣೆ. ಆದರೆ 1992ರ ಪ್ರೇಕ್ಷಕನಿಗೆ ಅದು ಕುವೈತ್ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಹಿಂದಿನ ವರ್ಷವಿಡೀ ಟಿವಿಯಲ್ಲಿ ಅದೇ ಬೆಂಕಿ. ಗೊತ್ತಿದ್ದದ್ದನ್ನು ಗೊತ್ತಿಲ್ಲದಂತೆ ನೋಡಿ ಎಂದು ಹೆರ್ಜೋಗ್ ಕೇಳಿದರು. ಪ್ರೇಕ್ಷಕನ ನೆನಪೇ ಅಲ್ಲಿ ತಾರೀಕಿನ ಕೆಲಸ ಮಾಡುತ್ತದೆ. ಅದಲ್ಲದೆ ಅವರು ನೋಡಿದ್ದು ಒಂದೇ ಜಾಗ, ಶಾಟ್‌ಗಳು ನಿಧಾನ, ಹೆಲಿಕಾಪ್ಟರ್ ಹೊಗೆಯ ನಡುವೆ ತೇಲುತ್ತಲೇ ಇರುತ್ತದೆ. ಕಣ್ಣಿಗೆ ಬಿಡುವು ಸಿಗುತ್ತದೆ.

ಮುಂಬಯಿಯವರಿಗೆ ಹತ್ತಿರದ ಒಂದು ಉದಾಹರಣೆ. 2005ರ ಜುಲೈ 26. ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ. ಎದೆಮಟ್ಟದ ನೀರಿನಲ್ಲಿ ಹಗ್ಗ ಹಿಡಿದು ಸಾಲಾಗಿ ನಡೆಯುವ ಜನರ ತುಣುಕನ್ನು ಯಾರಾದರೂ 2080ರ ಕಥೆಗೆ ಬಳಸಿದರು ಎನ್ನಿ. ಕುರ್ಲಾದ ಪ್ರೇಕ್ಷಕನಿಗೆ ನೋಡಿದ ಕೂಡಲೇ ಗೊತ್ತು, ಇದು ಆಗಿಹೋದದ್ದು. ಮಿಠಿ ನದಿ, ಮುಚ್ಚಿಹೋದ ನಾಲೆ, ಸಮುದ್ರದ ಭರತ ಎಲ್ಲ ನೆನಪಿಗೆ ಬರುತ್ತದೆ. ಟೊರೊಂಟೊದ ಪ್ರೇಕ್ಷಕನಿಗೆ ಅದು ಬರೀ ‘ಮುಂದೊಂದು ದಿನ’. ಒಂದೇ ಶಾಟ್, ಒಬ್ಬನಿಗೆ ಸಾಕ್ಷ್ಯ, ಇನ್ನೊಬ್ಬನಿಗೆ ಅಲಂಕಾರ. ಆ ನೀರಿನಲ್ಲಿ ನಡೆಯುತ್ತಿರುವವರು ಇಂದಿಗೂ ಬದುಕಿರುವ ಜನ, ಇದೂ ನನ್ನ ಮನಸ್ಸಿನಲ್ಲಿ ಕೂತಿದೆ. ಅವರ ಕಷ್ಟಕ್ಕೆ ಕಾರಣವಿತ್ತು, ಹೊಣೆಗಾರರಿದ್ದರು. ತಾರೀಕು ಅಳಿಸಿದರೆ ಹೊಣೆಯೂ ಅಳಿಸುತ್ತದೆ. ‘2073’ರ ಭವಿಷ್ಯದ ಭಾಗದಲ್ಲೂ ನಮ್ಮ ಕಾಲದ ನಿಜ ದೃಶ್ಯಗಳು ಬೆರೆತಿವೆ. ಇದೆಲ್ಲ ಈಗಾಗಲೇ ನಡೆಯುತ್ತಿದೆ ಎಂದು ಹೇಳುವುದು ನಿರ್ದೇಶಕರ ಉದ್ದೇಶ. ಆ ಉದ್ದೇಶ ನೆರವೇರಬೇಕಾದರೆ ಪ್ರೇಕ್ಷಕನಿಗೆ ಅದು ಯಾವುದೆಂದು ಗುರುತು ಸಿಗಲೇಬೇಕು.

—

ಕತ್ತರಿಮೇಜು, ಪುಣೆ

ತಾರೀಕು ಅಳಿಯುವುದು ಬರೀ ನಿರ್ದೇಶಕರ ಆಯ್ಕೆಯಿಂದಲ್ಲ, ಚೌಕಟ್ಟಿನ ಲೆಕ್ಕದಿಂದಲೂ ಆಗುತ್ತದೆ. ಸಾಮಾನ್ಯವಾಗಿ ಹೇಳುತ್ತಿದ್ದೇನೆ, ಈ ಒಂದು ಚಿತ್ರದ ಬಗ್ಗೆಯಲ್ಲ. ಹಳೆಯ ಟಿವಿ ತುಣುಕಿನ ಅಗಲ-ಎತ್ತರದ ಅನುಪಾತ 4:3. ಅದನ್ನು 16:9 ಪರದೆಗೆ ಪೂರ್ತಿ ತುಂಬಿಸಿದರೆ ಎತ್ತರದಲ್ಲಿ ಕಾಲುಭಾಗ ಹೋಗುತ್ತದೆ. ಸಿನಿಮಾದ 1.85 ಚೌಕಟ್ಟಿಗೆ ಶೇಕಡಾ 28. ಅಗಲದ 2.39 ಚೌಕಟ್ಟಿಗೆ ಶೇಕಡಾ 44. ಹೋಗುವುದು ಮೇಲಿನ ಮತ್ತು ಕೆಳಗಿನ ಅಂಚು. ವಾಹಿನಿಯ ಲಾಂಛನ, ಓಡುವ ಸುದ್ದಿಪಟ್ಟಿ, ದಿನಾಂಕ, ಹೋಮ್ ವಿಡಿಯೊ ಆದರೆ ಮೂಲೆಯಲ್ಲಿ ಮೂಡಿದ ಗಂಟೆ, ಇವೆಲ್ಲ ಇರುವುದು ಅಲ್ಲೇ. ಅಂದವಾಗಿ ಕಾಣಲಿ ಎಂದು ಕತ್ತರಿಸಿದಾಗ ಮೊದಲು ಬಿದ್ದುಹೋಗುವುದು ಸಾಕ್ಷ್ಯ. ಎಡಬಲ ಕಪ್ಪು ಪಟ್ಟಿ ಬಿಟ್ಟು 4:3 ಅನ್ನು ಹಾಗೇ ಇಡುವುದು ಪ್ರಾಮಾಣಿಕ ದಾರಿ. ‘ಇದು ಸಿಕ್ಕಿದ್ದು, ಮಾಡಿದ್ದಲ್ಲ’ ಎಂದು ಚೌಕಟ್ಟೇ ಹೇಳುತ್ತದೆ.

ಎರಡನೆಯ ತೊಂದರೆ ವೇಗ. ನಮ್ಮ ದೇಶದ ಹಳೆಯ ಟಿವಿ ಪ್ಯಾಲ್ ಎಂಬ ಪದ್ಧತಿಯದು, 576 ಗೆರೆ, ಸೆಕೆಂಡಿಗೆ 25 ಫ್ರೇಮ್, ಒಂದೊಂದು ಫ್ರೇಮೂ ಎರಡು ಅರ್ಧಗಳಾಗಿ ಹೆಣೆದದ್ದು (ಇಂಟರ್‌ಲೇಸ್). ಅಮೆರಿಕದ್ದು 480 ಗೆರೆ, 29.97. ಹೆಣಿಗೆ ಬಿಡಿಸದೆ ಸಿನಿಮಾದ 24 ಫ್ರೇಮಿಗೆ ತಂದರೆ ಓಡುವ ಮನುಷ್ಯನ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂಥ ಗೆರೆ ಕಾಣುತ್ತದೆ. ಆಮೇಲೆ ಎಲ್ಲಕ್ಕೂ ಒಂದೇ ಬಣ್ಣ, ಒಂದೇ ಹರಳು (ಫಿಲ್ಮಿನ ಗ್ರೇನ್) ಹಚ್ಚಿ ಸಿನಿಮಾದಂತೆ ಕಾಣಿಸುವ ಆಸೆ ಬರುತ್ತದೆ. ಹಾಗೆ ಮಾಡಿದ ಕ್ಷಣ ಸುದ್ದಿ ತುಣುಕೂ ಸೆಟ್ ಹಾಕಿ ತೆಗೆದಂತಾಗುತ್ತದೆ. ಇವತ್ತು ಯಂತ್ರವೇ ದೃಶ್ಯ ಹುಟ್ಟಿಸುವ ಕಾಲದಲ್ಲಿ ನಿಜದ ತುಣುಕಿನ ಒರಟುತನವನ್ನು ಉಜ್ಜಿ ತೆಗೆಯುವುದು ದೊಡ್ಡ ನಷ್ಟ.

ಚರ್ಚೆಗೆ ಒಂದು ಅಭ್ಯಾಸ ಮಾಡಿಸಿ. ಹತ್ತು ನಿಮಿಷದ ಭಾಗ ಆರಿಸಿ, ಪ್ರತಿ ಶಾಟಿಗೂ ಕಾಗದದಲ್ಲಿ ಒಂದು ಸಾಲು. ಸಮಯ, ಎಷ್ಟು ಸೆಕೆಂಡು, ಸಿಕ್ಕಿದ್ದೋ ಕಟ್ಟಿದ್ದೋ ಬೆರೆಸಿದ್ದೋ, ಊರು, ವರ್ಷ ಹೇಳಿದ್ದಾರೆಯೇ, ಹಿನ್ನೆಲೆಯಲ್ಲಿ ಯಾರ ದನಿ. ವೇಗದ ಚಿತ್ರವಾದರೆ ಎರಡು ಗಂಟೆ ಹಿಡಿಯುತ್ತದೆ, ಆದ್ದರಿಂದ ನಾಲ್ಕು ಜನ ಎರಡೂವರೆ ನಿಮಿಷದಂತೆ ಹಂಚಿಕೊಳ್ಳಲಿ. ‘ಬೆರೆಸಿದ್ದು’ ಮತ್ತು ‘ಗೊತ್ತಾಗಲಿಲ್ಲ’ ಎರಡನ್ನೂ ಬೇರೆ ಬೇರೆ ಬರೆಯಬೇಕು, ಇಲ್ಲದಿದ್ದರೆ ಲೆಕ್ಕ ಕೆಡುತ್ತದೆ.

—

ಪರದೆಹಿಂದೆ, ಮಾಟುಂಗಾ

ಈ ಹಾಳೆ ಖಂಡಿತ ಮಾಡಿಸುತ್ತೇನೆ. ಕಥೆಯ ಭಾಗವೂ ಸಾಕ್ಷ್ಯದ ಭಾಗವೂ ಎರಡೂ ಸರಿಯಾಗಿ ಕೂಡಿಕೊಂಡ ಚಿತ್ರ ಯಾವುದಾದರೂ ಇದೆಯೇ?

—

ಮಾಂಡವಿ, ಪಣಜಿ

ಫ್ರ್ಯಾನಿ ಆರ್ಮ್‌ಸ್ಟ್ರಾಂಗ್ ಅವರ ‘ದಿ ಏಜ್ ಆಫ್ ಸ್ಟುಪಿಡ್’, 2009. ಇಸವಿ 2055, ಹಾಳಾದ ಜಗತ್ತಿನಲ್ಲಿ ದಾಖಲೆಗಳನ್ನು ಕಾಯುವ ಒಬ್ಬ ಮುದುಕ, ಪಾತ್ರ ಮಾಡಿದವರು ಪೀಟ್ ಪೋಸಲ್‌ವೇಟ್. ಬೆರಳಿನಿಂದ ಪರದೆ ಸರಿಸುತ್ತಾ ನಮ್ಮ ಕಾಲದ ತುಣುಕುಗಳನ್ನು ಆರಿಸುತ್ತಾನೆ. ಅವನಿಗೊಂದು ಕೆಲಸ ಇದೆ, ಅದೇ ದೊಡ್ಡ ವ್ಯತ್ಯಾಸ. ಉಳಿಯುವ ಅವಕಾಶ ಇದ್ದಾಗ ನಾವೇಕೆ ಉಳಿಸಿಕೊಳ್ಳಲಿಲ್ಲ ಎಂಬ ಒಂದೇ ಪ್ರಶ್ನೆಗೆ ಅವನು ತುಣುಕು ಹುಡುಕುತ್ತಾನೆ. ಆರು ಕಡೆಯ ಬದುಕು, ಸುಮಾರು ಒಂದೂವರೆ ಗಂಟೆ. ಕತ್ರಿನಾ ಚಂಡಮಾರುತದಲ್ಲಿ ಜನರನ್ನು ದೋಣಿಯಲ್ಲಿ ಸಾಗಿಸಿದ ನ್ಯೂ ಆರ್ಲಿಯನ್ಸ್‌ನವನು, ನೈಜೀರಿಯಾದ ಎಣ್ಣೆಸೀಮೆಯ ಹುಡುಗಿ, ಆಲ್ಪ್ಸ್‌ನ ಹಿಮನದಿ ಕರಗುವುದನ್ನು ಕಂಡ ವಯಸ್ಸಾದ ಮಾರ್ಗದರ್ಶಿ, ಜೊತೆಗೆ ನಮ್ಮ ಮುಂಬಯಿಯಲ್ಲಿ ಅಗ್ಗದ ವಿಮಾನ ಕಂಪನಿ ಕಟ್ಟುತ್ತಿದ್ದ ಯುವ ಉದ್ಯಮಿ. ರೈಲಿನಲ್ಲಿ ಹೋಗುವವರೂ ವಿಮಾನ ಹತ್ತಬೇಕು ಎಂಬ ಅವರ ಮಾತು ಬಡವರ ಪರವಾಗಿ ಕೇಳಿಸುತ್ತದೆ, ಅದೇ ಹೊತ್ತಿಗೆ ಹೊಗೆಯ ಲೆಕ್ಕ ಕಣ್ಮುಂದೆ ಬರುತ್ತದೆ. ಚಿತ್ರ ಅವರನ್ನು ಖಳನನ್ನಾಗಿ ಮಾಡುವುದಿಲ್ಲ. ಉಪದೇಶ ಹೆಚ್ಚಾಯಿತು ಎಂಬ ಟೀಕೆ ಇದಕ್ಕೂ ಬಂತು, ಅದರಲ್ಲಿ ಸ್ವಲ್ಪ ಸತ್ಯವೂ ಇದೆ. ಆದರೂ ಆರು ಜನರ ಹೆಸರು, ಊರು, ಇಕ್ಕಟ್ಟು ಚಿತ್ರ ಮುಗಿದ ಮೇಲೂ ನೆನಪಿರುತ್ತದೆ.

—

ನೆರಳುಬೆಳಕು, ಪಿಂಪರಿ

ಇದನ್ನ ಒಪ್ಪತೀನಿ. ಮುದುಕ ಆರಿಸ್ತಾನ, ಘೋಸ್ಟ್ ಬರೇ ನೆನೀತಾಳ. ಆರಿಸೂದು ಅಂದ್ರ ಒಂದು ಕ್ರಿಯೆ. ಆದ್ರ ನನ್ನ ಮಾತು ಇಷ್ಟು ಉಳೀತದ: ‘2073’ ನೋಡಿ ದಿಕ್ಕು ತಪ್ಪಿದ್ಹಂಗ ಆಗೂದು ಬರೇ ಸೋಲಲ್ಲ. ಈ ಕಾಲದಾಗ ಸುದ್ದಿ ನಮಗ ಬರೂದೇ ಹಂಗ. ವಾಟ್ಕಿನ್ಸ್ ಚಿತ್ರಾನ್ನೂ ಆ ಕಾಲಕ್ಕ ಹೆದರಿಸೂ ಚಿತ್ರ ಅಂತಲೇ ಬದಿಗಿಟ್ಟಿದ್ರು. ಈ ಮಾತನ್ನೂ ಪರಿಚಯ ಟಿಪ್ಪಣಿಯೊಳಗ ಬರೀರಿ.

—

ಅಡಿಬರಹ, ಡೊಂಬಿವಲಿ

ಅಡಿಬರಹದ ಪ್ರಶ್ನೆಗೆ ಯಾರೂ ಬರಲಿಲ್ಲವಲ್ಲ ಮಾರಾಯ್ರೆ, ಇದು ನನ್ನ ಪಾಲಿನದು.

ಕಡತ ಯೂನಿಕೋಡ್‌ನಲ್ಲೇ ಇರಬೇಕು, ಯುಟಿಎಫ್-8 ಎಂದು ಉಳಿಸಬೇಕು. ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಆಸ್ಕಿ ಫಾಂಟಿನಲ್ಲಿ ಟೈಪು ಮಾಡಿದ್ದನ್ನು ಹಾಕಿದರೆ ಪರದೆಯಲ್ಲಿ ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ. ಮೊದಲು ಪರಿವರ್ತಕದಲ್ಲಿ ಹಾಯಿಸಿ, ಆಮೇಲೆ ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಕಣ್ಣಿಂದ ನೋಡಿ ತಿದ್ದಿ. ಫಾಂಟು ನೋಟೊ ಸ್ಯಾನ್ಸ್ ಕನ್ನಡ ಸಾಕು.

ತಂತ್ರಾಂಶ ಸೆಕೆಂಡಿಗೆ ಇಷ್ಟು ಅಕ್ಷರ ಎಂದು ಎಣಿಸಿ ಕೆಂಪು ಗೆರೆ ಹಾಕುತ್ತದೆ. ಕನ್ನಡಕ್ಕೆ ಆ ಎಣಿಕೆಯನ್ನು ನಂಬಬೇಡಿ. ‘ಕ್ಷೇತ್ರ’ ಓದುವವರಿಗೆ ಎರಡು ಅಕ್ಷರ. ಯಂತ್ರ ಅದನ್ನು ಏಳು ಎಂದು ಎಣಿಸುತ್ತದೆ. ಬದಲಿಗೆ ಬಾಯಿಬಿಟ್ಟು ಓದಿ ಗಡಿಯಾರ ನೋಡಿ. ಒಮ್ಮೆಗೆ ಎರಡೇ ಸಾಲು, ಒಂದು ಸೆಕೆಂಡಿಗಿಂತ ಕಡಿಮೆ ನಿಲ್ಲಿಸಬಾರದು, ಏಳು ಸೆಕೆಂಡಿಗಿಂತ ಹೆಚ್ಚು ಬೇಡ. ಒತ್ತಕ್ಷರ ಕೆಳಗೆ ಇಳಿಯುವುದರಿಂದ ಸಾಲಿನ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬಿಡಿ, ಇಲ್ಲದಿದ್ದರೆ ಮೇಲಿನ ಸಾಲಿನ ‘ಸ್ತ್ರೀ’ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ.

ಈ ಬಗೆಯ ಚಿತ್ರಕ್ಕೇ ಇರುವ ಕಷ್ಟ ಬೇರೆ. ಒಂದೇ ಹೊತ್ತಿಗೆ ಮೂರು ಬರಹ ಬರಬಹುದು: ಹಿನ್ನೆಲೆ ದನಿ, ಸುದ್ದಿ ತುಣುಕಿನ ಮೂಲ ಶೀರ್ಷಿಕೆ, ಚಿತ್ರವೇ ಮುದ್ರಿಸಿದ ಇಂಗ್ಲಿಷ್ ಅಡಿಬರಹ. ಊರು, ಇಸವಿ ಹೇಳುವ ಬರಹವನ್ನು ಪರದೆಯ ಮೇಲ್ತುದಿಗೆ ಕಳಿಸಿ, ಮಾತು ಕೆಳಗಿರಲಿ. ಘೋಸ್ಟ್‌ನ ದನಿಯನ್ನು ಬೇರೆ ಮಾಡಲು ಓರೆಯಕ್ಷರ ಬಳಸಬೇಡಿ, ಕನ್ನಡ ಲಿಪಿ ಓರೆಯಾದರೆ ದೂರದಿಂದ ಓದಲಾಗದು. ತಿಳಿಹಳದಿ ಬಣ್ಣ ಕೊಡಿ. ಹೊತ್ತು ಸಾಲದಿದ್ದರೆ ಮಾತನ್ನು ಚಿಕ್ಕದು ಮಾಡಿ, ಊರು ಮತ್ತು ಇಸವಿಯನ್ನು ಮಾತ್ರ ಬಿಡಬೇಡಿ.

ಹೊಂದಾಣಿಕೆ ತಪ್ಪುವುದು ಬಹುಪಾಲು ಫ್ರೇಮ್ ವೇಗದಿಂದ. ಅಡಿಬರಹ 25ಕ್ಕೆ ಮಾಡಿದ್ದು, ಚಿತ್ರದ ಪ್ರತಿ 23.976 ಆದರೆ ಹತ್ತನೆಯ ನಿಮಿಷಕ್ಕೆ ಸುಮಾರು 25 ಸೆಕೆಂಡು, ಚಿತ್ರದ ಕೊನೆಗೆ ಮೂರೂವರೆ ನಿಮಿಷ ಮೊದಲೇ ಬರುತ್ತದೆ. ಸೆಕೆಂಡು ಸರಿಸಿದರೆ ಸರಿಹೋಗದು. ಎಲ್ಲ ಸಮಯವನ್ನೂ 1.0427ರಿಂದ ಗುಣಿಸಬೇಕು. ಮೊದಲ ಸಾಲು, ಕೊನೆಯ ಸಾಲು ಎರಡನ್ನೂ ಹೊಂದಿಸಿ ನೋಡಿ. ಲ್ಯಾಪ್‌ಟಾಪಿನಿಂದ ಪ್ರೊಜೆಕ್ಟರಿಗೆ ಹೋಗುವಾಗ 60 ಹರ್ಟ್ಸ್ (ಸೆಕೆಂಡಿಗೆ 60 ಸಲ ಪರದೆ ಬದಲಾಗುವುದು) ಇದ್ದರೆ ಕ್ಯಾಮೆರಾ ಅಡ್ಡ ಚಲಿಸುವಾಗ ಚಿತ್ರ ಜಗ್ಗುತ್ತದೆ, ಪ್ರೊಜೆಕ್ಟರು ಒಪ್ಪಿದರೆ 24ಕ್ಕೆ ಇಡಿ. ‘2073’ ಬಹಳ ಕತ್ತಲಿನ ಚಿತ್ರ, ಸಭಾಂಗಣದ ಕಿಟಕಿಗೆ ಪರದೆ ಇಲ್ಲದಿದ್ದರೆ ಸಂಜೆ ಏಳೂವರೆಗೆ ಮುಂಚೆ ಶುರುಮಾಡಬೇಡಿ.

ಒಟಿಟಿ ಚಂದಾ ಮನೆಯಲ್ಲಿ ನೋಡಲು ಮಾತ್ರ, ಸಭೆಯಲ್ಲಿ ತೋರಿಸಲು ಅದು ಪರವಾನಗಿಯಲ್ಲ. ಹಕ್ಕುದಾರರಿಂದ ಪತ್ರ ಬೇಕು. ಸಾರ್ವಜನಿಕ ಪ್ರದರ್ಶನಕ್ಕೆ 1952ರ ಸಿನೆಮಾಟೋಗ್ರಾಫ್ ಕಾಯ್ದೆಯ ಪ್ರಕಾರ ಸೆನ್ಸಾರ್ ಪ್ರಮಾಣಪತ್ರವೋ ವಿನಾಯಿತಿಯೋ ಇರಬೇಕು. ಇದಕ್ಕೆ ಹೊತ್ತು ಹಿಡಿಯುತ್ತದೆ, ಅಡಿಬರಹಕ್ಕಿಂತ ಮೊದಲು ಈ ಕೆಲಸ ಹಚ್ಚಿಕೊಳ್ಳಿ.

—

ಪರದೆಹಿಂದೆ, ಮಾಟುಂಗಾ

ಎಲ್ಲರಿಗೂ ಧನ್ಯವಾದ. ಹೀಗೆ ಇಡುತ್ತಿದ್ದೇನೆ. ಮೊದಲ ಸಂಜೆ ‘ಲಾ ಜೆತೆ’, ‘ದಿ ವಾರ್ ಗೇಮ್’ ಒಟ್ಟಿಗೆ, 76 ನಿಮಿಷ. ಎರಡನೆಯ ಸಂಜೆ ಹೆರ್ಜೋಗ್. ಮೂರನೆಯದು ‘ದಿ ಏಜ್ ಆಫ್ ಸ್ಟುಪಿಡ್’. ‘2073’ ಕೊನೆಗೆ. ಪಿಂಪರಿಯವರ ಆಕ್ಷೇಪವೂ ಪುಣೆಯವರ ವಾದವೂ ಟಿಪ್ಪಣಿಯಲ್ಲಿ ಅಕ್ಕಪಕ್ಕ ಇರುತ್ತವೆ. ಶಾಟ್ ಹಾಳೆಗೆ ಯಾವ ಹತ್ತು ನಿಮಿಷ ಒಳ್ಳೆಯದು?

—

ಕತ್ತರಿಮೇಜು, ಪುಣೆ

ಮೊದಲ ಹತ್ತು ನಿಮಿಷ. ಘೋಸ್ಟ್‌ನ ಜಗತ್ತೂ ನಮ್ಮ ಜಗತ್ತೂ ಅಲ್ಲೇ ಮೊದಲು ಬೆರೆಯುತ್ತವೆ. ಹೋಲಿಕೆಗೆ ‘ದಿ ಏಜ್ ಆಫ್ ಸ್ಟುಪಿಡ್’ನ ಮೊದಲ ಹತ್ತು ನಿಮಿಷವನ್ನೂ ಅದೇ ನಾಲ್ಕು ಜನರ ಕೈಯಲ್ಲಿ ಬರೆಸಿ. ‘ಗೊತ್ತಾಗಲಿಲ್ಲ’ ಎಂಬ ಸಾಲುಗಳನ್ನು ಎರಡರಲ್ಲೂ ಎಣಿಸಿ ಇಲ್ಲಿ ಹಾಕಿ.